ನಾಲ್ಕರ ಬಂದೂಕು, ಮೂರರ ನಳಿಗೆ

ಮನುಷ್ಯ ಸುಳ್ಳು ಹೇಳಬಹುದು, ಕಾಗದ ಸುಳ್ಳು ಹೇಳಬಹುದು, ಆದರೆ ಕಬ್ಬಿಣದ ಮೇಲೆ ಒತ್ತಿದ ಅಂಕಿ ಎಂದೂ ಸುಳ್ಳು ಹೇಳುವುದಿಲ್ಲ. ಈ ಘನವಾದ ವಾಕ್ಯವನ್ನು ನಾನು ರೋಣದ ಕೋರ್ಟಿನಲ್ಲಿ ಅನೇಕ ಸಲ ಧ್ವನಿ ಏರಿಸಿ ಹೇಳಿದ್ದೇನೆ. ಹಾಗೆ ಹೇಳಿದ ಕೇಸುಗಳಲ್ಲಿ ಹೆಚ್ಚಿನವನ್ನು ಸೋತಿದ್ದೇನೆ.

ಆದ್ದರಿಂದ ಒಂದು ಅಂಕಿಯ ಬೆನ್ನು ಹತ್ತಿ ಇಂಗ್ಲೆಂಡಿನಲ್ಲಿ ಅಲೆಯುವ ಯೋಗ ಬಂದಾಗ ನನಗೆ ವಿಶೇಷ ಉತ್ಸಾಹವೇನೂ ಇರಲಿಲ್ಲ. ನಾನು ಹೊರಟದ್ದೂ ಅದಕ್ಕಲ್ಲ. ಬರ್ಮಿಂಗ್‌ಹ್ಯಾಮಿನ ದವಾಖಾನೆಯೊಂದರಲ್ಲಿ ನರ್ಸ್ ಆಗಿರುವ ನಮ್ಮ ಮಗಳು ವಿದ್ಯಾಳಿಗೆ ಹೆರಿಗೆಯಾಗುವುದಿತ್ತು. ಬಾಣಂತನ ಮಾಡಲು ನನ್ನ ಹೆಂಡತಿ ಸಾವಿತ್ರಿ ಹೊರಟಳು. ಸಾವಿತ್ರಿಯ ಸಾಮಾನು ಹೊರಲು ನಾನು ಹೊರಟೆ.

ರೋಣ: ಹೊರಡುವ ಮೊದಲು

ಬಾಣಂತಿಗೆ ಒಯ್ಯುವ ಅಂಟಿನ ಉಂಡಿಗೆ ಕೊಬ್ಬರಿ ಹುರಿಯುವ ವಾಸನೆ ಮನೆಯನ್ನೆಲ್ಲ ತುಂಬಿದ್ದಾಗ ಗಜೇಂದ್ರಗಡದ ಖಾದರಸಾಬರು ಬಂದರು. ಲೈಸೆನ್ಸ್ ಇರುವ ಬಂದೂಕುಗಳನ್ನು ರಿಪೇರಿ ಮಾಡುವ ಮನೆತನ ಅವರದು. ಈಗ ಬಂದೂಕು ಇಟ್ಟವರೇ ಕಡಿಮೆ. ಅದಕ್ಕೆ ದಿನದ ಅನ್ನಕ್ಕಾಗಿ ಮದುವೆಯ ಪಾತ್ರೆ, ಭಾಂಡೆಗಳ ಮೇಲೆ ಹೆಸರು, ತಾರೀಖು ಕೊರೆದುಕೊಡುತ್ತಾರೆ. ಕುರ್ಚಿಯ ತುದಿಯಲ್ಲಿ ಕುಳಿತರು.

“ವಕೀಲರ, ನೀವು ಬರ್ಮಿಂಗ್‌ಹ್ಯಾಮಕ್ಕ ಹೊಂಟೀರಂತ. ಖರೇ ಏನ್ರಿ?”

“ಖರೇ. ಯಾಕ?”

“ಗೌಡರ ಬಂದೂಕ ಹುಟ್ಟಿದ್ದು ಅದs ಊರಾಗ್ರಿ. ನಳಗಿ ಮ್ಯಾಲ ಊರ ಹೆಸರ ಬರದೈತಿ. ಅದರ ತವರಮನೀಗೆ ಹೊಂಟೀರಿ. ಒಂದ ಮಾತ ಕೇಳ್ಕೊಂಡ ಬರ್ರಿ.”

ಗೌಡರೆಂದರೆ ಸೂಡಿಯ ಶಿವನಗೌಡ. ಸಾಲಿಯಲ್ಲಿ ನನ್ನ ಪಕ್ಕ ಕುಳಿತು ನನ್ನ ಪಾಟಿಯನ್ನೇ ನೋಡಿ ಬರೆದವನು. ಅವನ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಬಂದೂಕು ಇದೆ. ಚುನಾವಣೆ ಬಂದಾಗಲೆಲ್ಲ ಊರಿನ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ಮರಳಿ ತರುವುದು ನಮ್ಮ ಕಡೆ ರೂಢಿ. ಈ ಸಲ ಮರಳಿ ಕೊಡುವಾಗ ಹೊಸದಾಗಿ ಬಂದ ಸಬ್ ಇನ್‌ಸ್ಪೆಕ್ಟರರು ಬಂದೂಕನ್ನು ಬಿಚ್ಚಿಸಿ, ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡಿದರು. ಗುಂಡು ಹಾರಿಸಲು ಎಳೆಯುವ ಕುದುರೆಯ ಹಿಂದಿನ ಕಬ್ಬಿಣದ ಪಟ್ಟಿಯ ಮೇಲಿನ ನಂಬರು ನಾಲ್ಕರಿಂದ ಮುಗಿಯುತ್ತಿತ್ತು. ಲೈಸೆನ್ಸಿನಲ್ಲಿಯೂ ನಾಲ್ಕೇ. ಆದರೆ ನಳಿಗೆಯ ಹೊಟ್ಟೆಯ ಕೆಳಗೆ, ಬಿಚ್ಚಿದರೆ ಮಾತ್ರ ಕಾಣುವ ಜಾಗದಲ್ಲಿ, ಅದೇ ನಂಬರು ಮೂರರಿಂದ ಮುಗಿಯುತ್ತಿತ್ತು.

ಬಂದೂಕಿನ ನಂಬರು ತಿದ್ದುವುದು ಸಣ್ಣ ಅಪರಾಧವಲ್ಲ. ಅದನ್ನು ಎಣ್ಣೆ ಹಾಕಲು ಕೊನೆಗೆ ಬಿಚ್ಚಿದವರು ಯಾರು? ಖಾದರಸಾಬರು. ಕಬ್ಬಿಣ, ತಾಮ್ರದ ಮೇಲೆ ಅಂಕಿ ಮೂಡಿಸುವ ಸಾಮಾನು ಯಾರ ಬಳಿ ಇದೆ? ಖಾದರಸಾಬರ ಬಳಿ. ಬಂದೂಕು ಠಾಣೆಯಲ್ಲಿ ಉಳಿಯಿತು, ಅಂಗಡಿಗೆ ಸೀಲು ಬಿತ್ತು. ಇನ್‌ಸ್ಪೆಕ್ಟರರನ್ನು ನಾನು ದೂರುವುದಿಲ್ಲ. ಅಂಕಿಗಳು ಬೇರೆಬೇರೆ ಇದ್ದದ್ದಂತೂ ಖರೇ.

“ಖಾದರಸಾಬರ, ನೀವೇನೂ ತಿದ್ದಿಲ್ಲಲಾ?” ಎಂದೆ. ವಕೀಲನಾದವನು ಇದನ್ನು ಕೇಳಲೇಬೇಕು.

“ತಿದ್ದವ ಎರಡೂ ಒಂದs ಆಗೂಹಂಗ ತಿದ್ದತಾನ್ರಿ. ಬ್ಯಾರೆಬ್ಯಾರೆ ಆಗೂಹಂಗ ತಿದ್ದಾಕ ನನಗೇನ ಹುಚ್ಚ ಹಿಡದಿತ್ತೇನ್ರಿ?”

ವಾದ ಗಟ್ಟಿಯಾಗಿತ್ತು. ಆದರೆ ಯಾವ ಕಲಮಿನ ಕೆಳಗೂ ಅದು ಕೂಡುತ್ತಿರಲಿಲ್ಲ.

“ನನ್ನ ಕೈಯಾಗ ಮತ್ತೇನೂ ಇಲ್ರಿ,” ಎಂದರು. “ಭಾಂಡಿ ತರವರೂ ಈಗ ಬ್ಯಾರೆ ಕಡೆ ಹೊಂಟಾರ. ಪೊಲೀಸರ ಸೀಲ ಬಿದ್ದ ಅಂಗಡ್ಯಾಂವನ ಕೈಲೆ ಮದವಿ ಸಾಮಾನಿನ ಮ್ಯಾಲ ಹೆಸರ ಹಾಕಸಬಾರದಂತ.”

ಶಿವನಗೌಡ ಠಾಣೆಯಲ್ಲಿ ಕೇಳಿ ತೆಗೆದುಕೊಂಡ ಬಂದೂಕಿನ ಒಳಹೊರಗಿನ ಫೋಟೋಗಳನ್ನು ತರಿಸಿ, ಗದಗಿನಲ್ಲಿ ದೊಡ್ಡದಾಗಿ ಮುದ್ರಿಸಿಕೊಂಡು, ಉಂಡಿಯ ಡಬ್ಬಿಗಳ ನಡುವೆ ಇಟ್ಟುಕೊಂಡೆ.

ವಿಮಾನ ನಿಲ್ದಾಣ

ಬರ್ಮಿಂಗ್‌ಹ್ಯಾಮಿನಲ್ಲಿ ಇಳಿದಾಗ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಬಂದ ಉದ್ದೇಶವೇನೆಂದು ಕೇಳಿದರು. ಮೊಮ್ಮಗು ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಪೂರ್ಣ ಸತ್ಯ ನುಡಿಯುವ ಹಳೆಯ ಚಟ. “ಮತ್ತು ಒಂದು ಬಂದೂಕು” ಎಂದು ಸೇರಿಸಿದೆ.

ಮುಂದಿನ ಮಾತುಕತೆಯನ್ನು ಪ್ರತ್ಯೇಕ ಕೋಣೆಯಲ್ಲಿ ನಡೆಸಲಾಯಿತು.

ಪೆಟ್ಟಿಗೆಗಳು ತೆರೆದುಕೊಂಡವು. ನಾಲ್ಕು ದಿಕ್ಕಿನಿಂದ ತೆಗೆದ ಬಂದೂಕಿನ ಫೋಟೋಗಳು ಒಂದು ಕಡೆ, ದುಂಡಗೆ ಕಂದು ಬಣ್ಣದ ಉಂಡಿಗಳು ಒಂದು ಕಡೆ. ಎರಡನ್ನೂ ಸೇರಿಸಿ ನೋಡಿದರೆ ನನಗೇ ನನ್ನ ಮೇಲೆ ಸಂಶಯ ಬಂತು. ಸಾವಿತ್ರಿ ಇಂಗ್ಲಿಷನ್ನು ನಂಬುವವಳಲ್ಲ. ಹೊಟ್ಟೆಯ ಮೇಲೆ ಕೈಯಾಡಿಸಿ, ಇಲ್ಲದ ಕೂಸನ್ನು ತೂಗಿ, ಉಂಡಿ ತೋರಿಸಿ, ಸೊಂಟ ಗಟ್ಟಿ ಮಾಡಿಕೊಂಡು ನಿಂತಳು. ಅಲ್ಲಿದ್ದ ಅಧಿಕಾರಿಣಿಗೆ ಎಲ್ಲವೂ ತಿಳಿಯಿತು. ತನಗೂ ಇಬ್ಬರು ಮಕ್ಕಳು, ಸೊಂಟನೋವು ಇನ್ನೂ ಇದೆ ಎಂದಳು. ನಮ್ಮನ್ನು ಬಿಟ್ಟರು.

ಹೊರಗೆ ಬಂದ ಮೇಲೆ ಸಾವಿತ್ರಿ ಹೇಳಿದ್ದು ಇಷ್ಟೇ: “ಇನ್ನ ಮ್ಯಾಲ ನೀವು ಬಾಯಿ ತಗದೀರಂದ್ರ ಆಕಳಸೂದಕ್ಕ ಅಷ್ಟs ತಗೀರಿ.”

ಬರ್ಮಿಂಗ್‌ಹ್ಯಾಮ್: ಬಸ್ಸಿನಲ್ಲಿ

ಮೊಮ್ಮಗಳು ಹುಟ್ಟಿದಳು. ಮನೆಯಲ್ಲಿ ಗಂಡಸಿಗೆ ಕೆಲಸವಿಲ್ಲದಂತಾಯಿತು. ಅಳಿಯನಾದರೂ ತೊಟ್ಟಿಲು ತೂಗಬಹುದು. ನನ್ನನ್ನು ಬಸ್ಸಿಗೆ ಹತ್ತಿಸಿದರು.

ಈ ಊರಿನಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಉಪಕಾರವಾಯಿತು ಎಂದು ಹೇಳಿ ಇಳಿಯುತ್ತಾರೆ. ಗದಗಿನಿಂದ ರೋಣಕ್ಕೆ ನಾನು ಆಯುಷ್ಯವೆಲ್ಲ ಓಡಾಡಿದ್ದೇನೆ. ಮುಟ್ಟಿಸಿದ್ದಕ್ಕೆ ದೇವರಿಗೆ ಕೈಮುಗಿದವರನ್ನು ಕಂಡಿದ್ದೇನೆ, ಡ್ರೈವರನಿಗೆ ಮುಗಿದವರನ್ನು ಕಂಡಿಲ್ಲ. ಇನ್ನೊಂದು: ಪರಿಚಯವಿರಲಿ ಇಲ್ಲದಿರಲಿ, ಇಲ್ಲಿಯವರು ಎದುರಿನವರನ್ನು ‘ಬ್ಯಾಬ್’ ಎನ್ನುತ್ತಾರೆ. ಕೂಸೇ ಎಂದು ಅರ್ಥವಂತೆ. ಬೋಳುತಲೆಯ, ಬಿಳಿಮೀಸೆಯ ನನ್ನನ್ನೂ ಅಂಗಡಿಯ ಹುಡುಗಿಯೊಬ್ಬಳು ಹಾಗೆಂದಳು. ನಮ್ಮಲ್ಲಿ ಮುದುಕಿಯರು ಹಾದಿಯಲ್ಲಿ ಕಂಡವರನ್ನೆಲ್ಲ ‘ಯಪ್ಪಾ’ ಎನ್ನುವುದಿಲ್ಲವೇ? ಅವರು ಎಲ್ಲರನ್ನೂ ಮಕ್ಕಳನ್ನಾಗಿ ಮಾಡಿದ್ದಾರೆ, ನಾವು ಅಪ್ಪಂದಿರನ್ನಾಗಿ. ಎರಡರಲ್ಲಿಯೂ ಕೊಡುಕೊಳ್ಳುವ ಆಸ್ತಿ ಏನಿಲ್ಲ.

ಬಂದೂಕು ಮಾಡುವವರ ಹಳೆಯ ಓಣಿ ಊರ ನಡುವೆಯೇ ಇದೆ. ಈಗ ಅಲ್ಲಿ ಹೆಚ್ಚಾಗಿ ಇರುವುದು ಕಾರು ನಿಲ್ಲಿಸುವ ಜಾಗಗಳು. ದಾರಿ ತಪ್ಪಿ, ಎದುರಿಗೆ ಬಂದ ಪೊಲೀಸನನ್ನೇ ತಡೆದು, ಬಂದೂಕು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಸಾವಿತ್ರಿಯ ಎಚ್ಚರಿಕೆ ನೆನಪಾಗುವಷ್ಟರಲ್ಲಿ ತಡವಾಗಿತ್ತು. ಪೊಲೀಸ ಬಹಳ ಮರ್ಯಾದೆಯಿಂದ, ಚೀಲದಲ್ಲಿ ಏನಿದೆ ಬ್ಯಾಬ್ ಎಂದ. ಕೊಡೆ, ಮಫ್ಲರು, ಫೋಟೋಗಳು. ಕಥೆಯನ್ನೆಲ್ಲ ಕೇಳಿ, ಮೂಲೆಯವರೆಗೆ ಬಂದು ಅಂಗಡಿ ತೋರಿಸಿ ಹೋದ.

ಅಂಗಡಿಗೆ ಕಬ್ಬಿಣದ ಬಾಗಿಲು, ಗಂಟೆ. ಒತ್ತಿದೆ. ಗೋಡೆಯೊಳಗಿಂದ ಹೆಂಗಸಿನ ಧ್ವನಿಯೊಂದು ಮೊದಲೇ ಹೇಳಿ ಬಂದಿದ್ದೀರಾ ಎಂದಿತು. ನಮ್ಮ ಕಡೆ ಮನುಷ್ಯ ಬಂದದ್ದೇ ಹೇಳಿದಂತೆ. ರೋಣದಿಂದ ಬಂದಿದ್ದೇನೆ ಎಂದೆ. ಎಲ್ಲಿಂದ ಬಂದರೂ ಗುರುವಾರ ಬನ್ನಿ ಎಂದು ಧ್ವನಿ ಹೇಳಿತು.

ಗುರುವಾರ

ನಡುವಿನ ದಿನಗಳಲ್ಲಿ ಒಂದು ಘಟನೆ ನಡೆಯಿತು. ಬಾಣಂತಿಗೆ ಬಿಸಿನೀರು ಒಯ್ಯುತ್ತಿದ್ದ ಸಾವಿತ್ರಿಯ ಕೈಯಲ್ಲಿ ತಾಮ್ರದ ತಂಬಿಗೆಯೊಂದಿತ್ತು. ವಿದ್ಯಾಳ ಮದುವೆಗೆ ನಾವೇ ಕೊಟ್ಟದ್ದು. ಅವಳ ಹೆಸರು, ಮದುವೆಯ ತಾರೀಖು ಕೊರೆದವರು ಖಾದರಸಾಬರು. ಆ ತಾರೀಖಿನಲ್ಲಿ ಪುಣ್ಯಕ್ಕೆ ಒಂದು ಮೂರೂ ಇತ್ತು, ಒಂದು ನಾಲ್ಕೂ ಇತ್ತು. ಕೋರ್ಟಿನಲ್ಲಿ ಕೈಬರಹ ತಾಳೆ ನೋಡಲು ಒಪ್ಪಿಕೊಂಡ ಸಹಿಯೊಂದು ಬೇಕಾಗುತ್ತದೆ. ಅದು ಮಗಳ ಅಡುಗೆಮನೆಯಲ್ಲಿಯೇ ಇತ್ತು. ನೀರು ಚೆಲ್ಲಿ ತಂಬಿಗೆಯನ್ನು ಚೀಲಕ್ಕೆ ಹಾಕಿಕೊಂಡೆ. ಬಾಣಂತಿಯ ತಂಬಿಗೆಯನ್ನು ಬಂದೂಕಿನ ಅಂಗಡಿಗೆ ಒಯ್ದ ಮೊದಲ ಅಜ್ಜ ನಾನೇ ಇರಬೇಕು ಎಂದು ಸಾವಿತ್ರಿ ಅಂದಳು.

ಗೋಡೆಯೊಳಗಿನ ಧ್ವನಿಯ ಹೆಸರು ಮಾರ್ಗರೆಟ್. ವಯಸ್ಸು ನನ್ನದೇ ಇರಬಹುದು. ಗಂಡ ತೀರಿದ ಮೇಲೆ ಅಂಗಡಿಯನ್ನು ತಾನೇ ನೋಡಿಕೊಳ್ಳುತ್ತಾಳೆ. ಹಳೆಯ ಬಂದೂಕು, ಗಡಿಯಾರ, ಕ್ಯಾಮೆರಾ, ಹೊಲಿಗೆ ಯಂತ್ರ ಕೂಡಿಡುವವರು ನಂಬರು ತಂದು ತೋರಿಸುತ್ತಾರೆ. ಯಾವ ಕಾಲದ್ದು, ಭಾಗಗಳೆಲ್ಲ ಒಟ್ಟಿಗೇ ಹುಟ್ಟಿದವೇ, ನಡುವೆ ಯಾರಾದರೂ ಬದಲಿಸಿದ್ದಾರೆಯೇ ಎಂದು ಅವಳು ಹೇಳುತ್ತಾಳೆ. ಒಂದೇ ಸಾಮಾನಿನ ಮೇಲೆ ಒಂದೇ ನಂಬರು ಎರಡು ಮೂರು ಕಡೆ ಇರುವುದೇ ಅದಕ್ಕಂತೆ. ಹೊರಗಿನದು ಅಳಿಸಿದರೂ ಒಳಗಿನದು ಉಳಿಯಲಿ ಎಂದು. ನಮ್ಮ ಬಂದೂಕು ಮಾಡಿದ ಕಂಪನಿಯ ಹಳೆಯ ದಫ್ತರವೆಲ್ಲ ಯುದ್ಧದ ಬೆಂಕಿಯಲ್ಲಿ ಹೋಗಿದೆ, ಕಬ್ಬಿಣವನ್ನೇ ಕೇಳಬೇಕು ಎಂದಳು.

ಮೊದಲು ತಂಬಿಗೆಯನ್ನು ಕೇಳಿದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿ ನಕ್ಕಳು. ಖಾದರಸಾಬರ ಅಂಕಿ ಎಂದರೆ ಸಣ್ಣ ಚಾಣದಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದುಕೊಂಡು ಹೋದದ್ದು, ರಂಗೋಲಿಯ ಹಾಗೆ. ಬಂದೂಕಿನ ಮೇಲಿನವು ಒಂದೊಂದು ಅಂಕಿಗೆ ಒಂದೊಂದು ಅಚ್ಚು ಇಟ್ಟು ಒಂದೇ ಏಟಿಗೆ ಒತ್ತಿದ್ದು. ಕೊನೆಯದನ್ನು ಬಿಟ್ಟು ಎರಡೂ ಕಡೆಯ ಅಂಕಿಗಳೆಲ್ಲ ಒಂದೇ ಅಚ್ಚಿನವು. ಆ ಮೂರು ಕೂಡ ಆ ನಾಲ್ಕಿನಷ್ಟೇ ಹಳೆಯದು, ಯಾರೂ ತಿದ್ದಿಲ್ಲ.

“ಹಾಗಾದರೆ ಕಂಪನಿಯವರೇ ತಪ್ಪು ಒತ್ತಿದರೇ?” ಎಂದೆ.

ಹಾಗೆನ್ನುವ ಧೈರ್ಯ ನಿಮಗಿದ್ದರೆ ಈ ಓಣಿಯಲ್ಲಿ ಮೆಲ್ಲಗೆ ಹೇಳಿ ಎಂದಳು. ಮತ್ತೆ ಫೋಟೋಗಳಿಗೆ ಹೋದಳು. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಒಂದು ಸಣ್ಣ ತಗ್ಗು ಇತ್ತು. ಅದರ ಮೇಲೆ ಬೆರಳಿಟ್ಟಳು. ಇಲ್ಲಿ ಚಿನ್ನದ ಅಂಕಿಯೊಂದು ಕೂಡಿಸಿತ್ತು, ಒಂದು ಅಥವಾ ಎರಡು. ಜೋಡಿಯಾಗಿ ಮಾಡಿದ ಬಂದೂಕುಗಳಿಗೆ ಹಾಗೆ ಗುರುತು ಹಾಕುತ್ತಾರೆ. ಚಿನ್ನ ಎಲ್ಲಿ ಹೋಯಿತು ಎಂದು ಕೇಳಿದಳು.

ಮಹಾನವಮಿಗೆ ನಮ್ಮಲ್ಲಿ ಆಯುಧಗಳನ್ನು ತಿಕ್ಕಿ ತೊಳೆದು, ವಿಭೂತಿ ಹಚ್ಚಿ ಪೂಜಿಸುತ್ತಾರೆ ಎಂದು ವಿವರಿಸಿದೆ. ಯಾವುದರಿಂದ ತಿಕ್ಕುತ್ತಾರೆ ಎಂದು ಕೇಳಿದಳು. ಹುಣಸೆಹಣ್ಣು, ಇಟ್ಟಂಗಿ ಪುಡಿ ಎಂದೆ. ಮಾರ್ಗರೆಟ್ ಕುರ್ಚಿಯಲ್ಲಿ ಕುಳಿತುಕೊಂಡಳು. ಒಂದು ಲೋಟ ನೀರು ಕುಡಿದಳು.

ನಂತರ ಹೇಳಿದಳು: ಇದು ಒಂದು ಬಂದೂಕಿನ ಕಥೆಯಲ್ಲ. ಒಟ್ಟಿಗೆ ಹುಟ್ಟಿದ ಎರಡು ಬಂದೂಕುಗಳು, ಅಕ್ಕಪಕ್ಕದ ನಂಬರು. ಮೂರರದು ಅಣ್ಣ, ನಾಲ್ಕರದು ತಮ್ಮ. ತಮ್ಮನ ಮೈಗೆ ಅಣ್ಣನ ನಳಿಗೆ ಕೂಡಿಸಿದ್ದಾರೆ. ಕೂಡುತ್ತದೆ, ಆದರೆ ಮುಚ್ಚುವಾಗ ಬಿಗಿಯಾಗುತ್ತದೆ.

ಶಿವನಗೌಡ ಆ ಬಂದೂಕು ಮುಚ್ಚುವಾಗೆಲ್ಲ ಮೊಣಕಾಲು ಕೊಟ್ಟು ಒತ್ತಿ, ಖಾದರಸಾಬರು ಎಣ್ಣೆ ಸರಿಯಾಗಿ ಹಾಕಿಲ್ಲವೆಂದು ಬಯ್ಯುತ್ತಿದ್ದದ್ದು ನೆನಪಾಯಿತು.

“ಅಣ್ಣ ಎಲ್ಲಿದ್ದಾನೆ?” ಎಂದಳು ಮಾರ್ಗರೆಟ್.

ಅಲ್ಲಿಂದಲೇ ಶಿವನಗೌಡನಿಗೆ ಫೋನು ಹಚ್ಚಿದೆ.

“ಇನ್ನೊಂದ ಬಂದೂಕ?” ಎಂದ. “ನರಗುಂದದಾಗ ಗಂಗಮ್ಮ ಕಾಕಿ ಮನ್ಯಾಗ ಒಂದ ಐತಿ. ನಮ್ಮ ಅಪ್ಪ, ಕಾಕಾ ಬ್ಯಾರೆ ಆದಾಗ ಆಸ್ತಿ ವಾಟ್ನಿಯೊಳಗ ಹೋಗಿದ್ದು. ಖರೇ ಬಂದೂಕ ನಮಗ ಬಂತು, ಖೊಟ್ಟಿದು ಅವರಿಗೆ ಹೋತು ಅಂತ ಅವರು. ಉಲ್ಟಾ ಆತು ಅಂತ ನಾವು. ಅವತ್ತಿಂದ ಮಾತಿಲ್ಲ. ನೀನs ಕೇಳಪಾ. ನಾ ಕೇಳಿದ್ರ ಫೋನ ಇಡತಾಳ.”

ನರಗುಂದ, ಫೋನಿನಲ್ಲಿ

ಗಂಗಮ್ಮನವರಿಗೆ ವಿಡಿಯೊ ಕರೆ ಮಾಡಿದೆ. ಮೊದಲು ಮನೆಯ ಜಂತಿ ಕಂಡಿತು, ಆಮೇಲೆ ಒಂದು ಕಿವಿ, ಆಮೇಲೆ ಅವರು. ಗಂಡನ ಲೈಸೆನ್ಸು ಈಗ ಅವರ ಹೆಸರಿಗಿದೆ. ಚುನಾವಣೆಯ ನಂತರ ಅವರ ಬಂದೂಕು ಯಾರ ತಕರಾರೂ ಇಲ್ಲದೆ ಮನೆಗೆ ಬಂದಿತ್ತು.

“ಏನ್ರಿ ವಕೀಲರ, ವಿಲಾಯತಿಗೆ ಹೋದ ಮ್ಯಾಲ ನಮ್ಮ ನೆನಪಾತೇನ್ರಿ? ಆಕಿ ಯಾರಾಕಿ ಬಾಜೂಕ?”

“ಬಂದೂಕಿನ ಅಂಗಡಿ ಮಾಲಕರು, ಅಕ್ಕಾರ.”

“ಹೆಣಮಗಳು? ಚಲೋ ಆತ ಬಿಡ್ರಿ. ಶರಣ್ರೀ ಅವ್ವಾ!”

ಮಾರ್ಗರೆಟ್ ಕೈ ಬೀಸಿದಳು. ನಾನು ವಿಷಯ ಹೇಳಿದೆ. ಬಂದೂಕು ಬಿಚ್ಚಲು ಬರುತ್ತದೆಯೇ ಎಂದೆ.

“ಹೊಡಿಯಾಕ ಬರಂಗಿಲ್ಲ, ಬಿಚ್ಚಾಕ ಬರತೈತಿ. ವರ್ಷಾ ತೊಳಿಯಾಕಿ ಯಾರಂತ ತಿಳದೀರಿ?”

ಫೋನನ್ನು ತಂಬಿಗೆಗೆ ಆನಿಸಿಟ್ಟು ಅವರು ಬಂದೂಕು ತಂದರು. ಎರಡು ಕಡೆ ಒತ್ತಿ, ಒಂದು ಕಡೆ ಎಳೆದು, ಮೂರು ತುಂಡು ಮಾಡಿ ಇಟ್ಟರು. ಮಾರ್ಗರೆಟ್ ತನ್ನಷ್ಟಕ್ಕೆ ತಾನೇ ಏನೋ ಅಂದಳು. ಮೆಚ್ಚುಗೆಯ ಮಾತೇ ಇರಬೇಕು. ಚಾಳೀಸು ಹುಡುಕಿ ಹಾಕಿಕೊಂಡು ಗಂಗಮ್ಮ ಓದಿದರು. ಹೊರಗೆ ಕೊನೆಯ ಅಂಕಿ ಮೂರು. ನಳಿಗೆಯ ಹೊಟ್ಟೆಯ ಕೆಳಗೆ ನಾಲ್ಕು.

“ಅಕ್ಕಾರ, ಬ್ಯಾರೆ ಆಗೂಕಿಂತ ಮೊದಲ ಎರಡೂ ಬಂದೂಕ ಯಾವಾಗರ ಕೂಡೇ ಬಿಚ್ಚಿದ್ರೇನ್ರಿ?”

“ಮಹಾನಮಿ ಪೂಜಾದಾಗ ಬಿಚ್ಚತಿದ್ದಿವಿ. ಗಂಡಸರು ಹುಣಸಿಹಣ್ಣ ಮುಟ್ಟಂಗಿಲ್ಲ, ಕೈ ಹುಳಿ ಆಗತಾವಂತ. ಎರಡೂ ಒಂದs ಪರಾತದಾಗ ಹಾಕಿ ನಾನs ತಿಕ್ಕತಿದ್ದೆ. ಕೂಡಸಾಕಿನೂ ನಾನs.” ಚಾಳೀಸು ತೆಗೆದಿಟ್ಟರು. “ಯಾವದ ಯಾವದರದಂತ ಯಾರ ನೋಡ್ಯಾರ್ರಿ? ಬಂದೂಕ ಎಲ್ಲಾ ಒಂದs ನಮೂನಿ. ಕುಂತರ ಸಾಕಂತ ಹೆಟ್ಟಿದೆ.”

ಇಲ್ಲಿಯವರೆಗೆ ಎಲ್ಲವೂ ನಗುವ ಮಾತಾಗಿತ್ತು. ಮುಂದಿನದನ್ನು ಹೇಳದೆ ವಿಧಿಯಿರಲಿಲ್ಲ. ಇದನ್ನು ಅವರು ಠಾಣೆಗೆ ಬಂದು ಹೇಳಬೇಕು. ಬಂದೂಕನ್ನೂ ತರಬೇಕು. ಅದರ ನಂಬರೂ ತಾಳೆಯಾಗುವುದಿಲ್ಲವಾದ್ದರಿಂದ ಅದನ್ನೂ ಇಟ್ಟುಕೊಳ್ಳಬಹುದು. ಮರಳಿ ಕೊಟ್ಟೇ ಕೊಡುತ್ತಾರೆಂದು ನಾನು ಮಾತು ಕೊಡಲಾರೆ. ಸುಮ್ಮನಿದ್ದರೆ ಅವರನ್ನು ಯಾರೂ ಕೇಳುವುದಿಲ್ಲ.

ಗಂಗಮ್ಮ ಬಂದೂಕಿನ ತುಂಡುಗಳನ್ನು ನೋಡುತ್ತ ಕುಳಿತರು. ಗಂಡನ ವಸ್ತುಗಳಲ್ಲಿ ಅವರ ಬಳಿ ಉಳಿದದ್ದು ಅದೊಂದೇ.

“ಖಾದರನ ಅಂಗಡಿಗೆ ಕೀಲಿ ಹಾಕ್ಯಾರಂತ ಖರೇನ?”

“ಖರೇರಿ.”

“ನಾ ಹೆಟ್ಟಿದ್ದಕ್ಕ?”

ಹೌದೆಂದು ತಲೆಯಾಡಿಸಿದೆ.

“ಬರತೀನಿ,” ಎಂದರು. “ಆದ್ರ ಬಸ್ಸಿಗೆ ಬರಂಗಿಲ್ಲ. ಶಿವನಗೌಡ ನಮ್ಮ ಮನಿಗೆ ಬರಬೇಕು. ಹೊಸ್ತಲಾ ದಾಟಿ ಒಳಗ ಬಂದು, ಚಾ ಕುಡದು, ಕಾಕಿ ಬಾ ಅಂತ ಕರೀಬೇಕು.”

ಇದನ್ನು ಶಿವನಗೌಡನಿಗೆ ತಿಳಿಸಿದಾಗ ಅವನು ಬಹಳ ಹೊತ್ತು ಕೆಮ್ಮಿದ. “ಚಾದಾಗ ಸಕ್ಕರಿ ಹಾಕಬ್ಯಾಡಂತ ಹೇಳಪಾ, ನನಗ ಶುಗರ್ ಐತಿ” ಎಂದ. ಒಪ್ಪಿಗೆಯನ್ನು ಹೀಗೆ ಕೊಡುವವರು ನಮ್ಮಲ್ಲಿ ಬಹಳ.

ಮಾರ್ಗರೆಟ್ ತಾನು ಕಂಡದ್ದನ್ನೆಲ್ಲ ಬರೆದು, ಚಿತ್ರ ಹಾಕಿ, ಸಹಿ ಮಾಡಿ ಕೊಟ್ಟಳು. ಕೆಳಗೆ ಒಂದು ಸಲಹೆಯನ್ನೂ ಬರೆದಿದ್ದಳು: ಇನ್ನು ಮುಂದೆ ಪೂಜೆಗೆ ಹೂವು ಸಾಕು, ಹುಣಸೆಹಣ್ಣು ಬೇಡ. ಗುರುತಿಗೆ ನಾನು ಅಂಟಿನ ಉಂಡಿಯ ಡಬ್ಬಿ ಕೊಟ್ಟೆ. ಒಂದನ್ನು ಕಚ್ಚಿ, ಹಲ್ಲಿಗೆ ತಾಕಿದ ಉತ್ತತ್ತಿಯನ್ನು ಹೊರಗೆ ತೆಗೆದು ಭೂತಗನ್ನಡಿಯಿಂದ ನೋಡಿದಳು.

ಮರಳಿ ಊರು

ಮೊಮ್ಮಗಳು ನಗುವುದನ್ನು ಕಲಿತ ಮೇಲೆ ನಾವು ಹೊರಟೆವು. ಬಸ್ಸು ರೋಣದಲ್ಲಿ ನಿಂತಾಗ ನಾನು ಡ್ರೈವರನಿಗೆ ಉಪಕಾರ ಆತ್ರಿ ಎಂದೆ. ಅವನು ಹೌಹಾರಿ, ಏನರ ಬಿಟ್ಟ ಇಳದೀರೇನ್ರಿ ಎಂದು ಸೀಟಿನ ಕೆಳಗೆ ಬಗ್ಗಿ ನೋಡಿದ.

ಮಾರ್ಗರೆಟ್ ಬರೆದುಕೊಟ್ಟದ್ದನ್ನು ನೋಡಿ ಇನ್‌ಸ್ಪೆಕ್ಟರರು ಮೇಲಿನವರಿಗೆ ಬರೆದು, ಅವರು ಕೇಳಿ, ಮತ್ತೆ ಬರೆದು, ಒಂದು ದಿನ ನಿಗದಿಯಾಯಿತು. ಶಿವನಗೌಡ ಕಾರಿನಲ್ಲಿ ಕಾಕಿಯನ್ನು ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಇಬ್ಬರೂ ಜಗಳಾಡಿದ್ದರೆಂದು ಮುಖದ ಕಳೆಯೇ ಹೇಳುತ್ತಿತ್ತು. ಮಾತಿಲ್ಲದ ಅಷ್ಟು ವರ್ಷಗಳ ಬಾಕಿ.

ಠಾಣೆಯ ಮೇಜಿನ ಮೇಲೆ ಎರಡೂ ಬಂದೂಕುಗಳನ್ನು ಇಟ್ಟರು. ಗಂಗಮ್ಮ ತಾವು ಮಾಡಿದ್ದನ್ನು ಹೇಳಿದರು. ಇನ್‌ಸ್ಪೆಕ್ಟರರು ಎಲ್ಲವನ್ನೂ ಬರೆಸಿಕೊಂಡು, “ಅವ್ವಾರ, ನೀವು ಕೂಡಸುವಾಗ ಬಿಗಿ ಬಂತು ಅಂತ ಅನಸಲಿಲ್ಲೇನ್ರಿ?” ಎಂದರು.

“ಸಾಹೇಬ್ರ, ಆ ಮನ್ಯಾಗ ಬಿಗಿ ಇಲ್ಲದ್ದು ಯಾವದಿತ್ತ್ರಿ?” ಎಂದು ಗಂಗಮ್ಮ ಶಿವನಗೌಡನ ಕಡೆ ನೋಡಿದರು.

ಖಾದರಸಾಬರನ್ನು ಕರೆದರು. ಅವರು ಎರಡೂ ಬಂದೂಕುಗಳನ್ನು ಬಿಚ್ಚಿದರು. ನಾಲ್ಕರ ನಳಿಗೆಯನ್ನು ನಾಲ್ಕರ ಮೈಗೆ ಇಟ್ಟು ಎತ್ತಿದರು. ಮೊಣಕಾಲು ಬೇಕಾಗಲಿಲ್ಲ. ಅಡಕೊತ್ತಿನಷ್ಟು ಹಗುರವಾಗಿ ಮುಚ್ಚಿಕೊಂಡಿತು. ಮೂರರದೂ ಹಾಗೆಯೇ. ಇನ್‌ಸ್ಪೆಕ್ಟರರು ತಾವೇ ತೆರೆದು ಮುಚ್ಚಿ, ಮತ್ತೆ ತೆರೆದು ಮುಚ್ಚಿ ನೋಡಿದರು. ಬೆಳಕು ಬಿಟ್ಟು ಅಂಕಿ ಓದಿದರು.

“ನಾ ಹಾಕಿದ ಎಣ್ಣಿ ಎಲ್ಲಾ ದಂಡ ಆತಲ್ರಿ ಗೌಡ್ರ,” ಎಂದರು ಖಾದರಸಾಬರು.

“ಬೈದಿದ್ದೂ ದಂಡ ಆತು,” ಎಂದ ಶಿವನಗೌಡ. “ಅದನ್ನ ವಾಪಸ್ ತಗೋತೀನಿ ಬಿಡು.”

ಎರಡು ಬಂದೂಕುಗಳನ್ನು ಸರಿಯಾದ ನಂಬರಿನೊಂದಿಗೆ ಎರಡೂ ಮನೆಗಳಿಗೆ ಮರಳಿ ಕೊಟ್ಟರು. ಖಾದರಸಾಬರ ಅಂಗಡಿಯ ಸೀಲನ್ನು ಮರುದಿನ ತೆಗೆದರು. ಅಂಗಡಿ ಈಗ ಬೆಳಿಗ್ಗೆ ತೆರೆಯುತ್ತದೆ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ.